ಧಣಿಯ ಸ್ವರ, ಕಳ್ಳನ ಬಾಯಿ

ಸೈಬರ್ ಸೆಕ್ಯುರಿಟಿ ಅಂದ್ರೆ ಭಾರೀ ಗಂಭೀರದ ಕೆಲಸ ಅಂತ ಊರಲ್ಲಿ ಎಲ್ಲರ ಲೆಕ್ಕ. ದುಬೈಯ ಒಂದು ಕಾರ್ಗೋ ಕಂಪೆನಿಯಲ್ಲಿ ಕಂಪ್ಯೂಟರುಗಳ ಕಾವಲು ನನ್ನದು. ಎಐ ಬಂದ ಮೇಲೆ ಕಳ್ಳರೂ ಹುಷಾರಾದರು, ಕಾವಲೂ ಹುಷಾರಾಯಿತು. ನಾವು ಮಾತ್ರ ಇದ್ದ ಹಾಗೇ ಇದ್ದೇವೆ ಮಾರಾಯ್ರೆ, ಹಾಗಾಗಿ ನಗುವುದಕ್ಕೆ ಬರ ಇಲ್ಲ.

ತಪ್ಪಿಲ್ಲದ ಇಂಗ್ಲಿಷ್

ಮೊದಲೆಲ್ಲ ನಾನು ಸ್ಟಾಫಿಗೆ ಹೇಳಿಕೊಡುತ್ತಿದ್ದದ್ದು ಒಂದೇ: "ಸ್ಪೆಲ್ಲಿಂಗ್ ತಪ್ಪಿದ್ದರೆ ಅದು ಕಳ್ಳರ ಮೇಲ್." ಈಗ ಕಳ್ಳರು ಎಐ ಹತ್ತಿರ ಬರೆಸುತ್ತಾರೆ, ಒಂದು ಕಾಮಾ ಕೂಡ ತಪ್ಪುವುದಿಲ್ಲ. ಸರಿ, ನಾವೂ ಎಐ ಕಾವಲು ತಂದೆವು. ಅದು ಮೊದಲನೇ ದಿನವೇ ನಮ್ಮ ಧಣಿಯ ಮೇಲ್‌ಗಳನ್ನೆಲ್ಲ ಹಿಡಿದು ಕಸಕ್ಕೆ ಹಾಕಿತು.

"ಎಂತಕ್ಕೆ?" ಎಂದು ಧಣಿ ಗುಡುಗಿದರು.

"ಸ್ಪೆಲ್ಲಿಂಗ್ ನೋಡಿ ಡೌಟ್ ಬಂತಂತೆ ಸರ್" ಎಂದೆ.

ಅಂಜಲ್ ಫ್ರೈ

ಯಾರು ಮೋಸ ಹೋಗುತ್ತಾರೆ ನೋಡುವಾ ಎಂದು ನಾನೇ ಒಂದು ಸುಳ್ಳು ಮೇಲ್ ಬಿಟ್ಟೆ: "ಶುಕ್ರವಾರ ಸ್ಟಾಫಿಗೆಲ್ಲ ಅಂಜಲ್ ಮೀನಿನ ಫ್ರೈ, ಹೆಸರು ಕೊಡಲು ಇಲ್ಲಿ ಒತ್ತಿ." ಮೊದಲು ಒತ್ತಿ ಸಿಕ್ಕಿಬಿದ್ದವರು ಅಕೌಂಟ್ಸಿನ ಬಾಯಮ್ಮ. ಧಣಿ ಎಲ್ಲರೆದುರು ಅವರಿಗೆ ಬೈದರು: "ಇನ್ನೊಂದು ಸಲ ಹೀಗಾದ್ರೆ ಖಲಾಸ್, ವೀಸಾ ಕ್ಯಾನ್ಸಲ್!" ಬಾಯಮ್ಮನ ಮಗಳು ಇಲ್ಲೇ ಹತ್ತನೇ ಕ್ಲಾಸು. ವರ್ಷದ ನಡುವೆ ಊರಿಗೆ ಹೋಗುವುದು ಹೇಗೆ? ಪಾಪ, ಕಣ್ಣೀರು ಹಾಕಿದರು.

ಮಧ್ಯಾಹ್ನ ಧಣಿ ನನ್ನನ್ನು ಮೂಲೆಗೆ ಕರೆದು ಮೆಲ್ಲ ಕೇಳಿದರು, "ಆ ಫ್ರೈ ಎಷ್ಟು ಗಂಟೆಗೆ? ನಾನೂ ಹೆಸರು ಕೊಟ್ಟಿದ್ದೆ."

ಗುಟ್ಟಿನ ಶಬ್ದ

ಈಗ ಸ್ವರವನ್ನೂ ಕದಿಯುತ್ತಾರೆ. ಇಲ್ಲಿನ ಕನ್ನಡ ಸಂಘದ ಸ್ಟೇಜಿನಲ್ಲಿ ಧಣಿ ಮಾಡಿದ ಒಂದು ಭಾಷಣದ ವಿಡಿಯೋ ಸಾಕು. ಜೆಬೆಲ್ ಅಲಿ ಬಂದರಿನಲ್ಲಿ ಕಂಟೇನರ್ ಬಿಡಿಸುವ ಕೋಡ್ ಇರುವುದು ಬಾಯಮ್ಮನ ಹತ್ತಿರ. ಹಾಗಾಗಿ, ಫೋನಿನಲ್ಲಿ ಕೋಡ್ ಕೇಳಿದರೆ ಧಣಿ ಮೊದಲು ಒಂದು ಗುಟ್ಟಿನ ಶಬ್ದ ಹೇಳಬೇಕು ಎಂದು ಮಾಡಿದೆವು. ಧಣಿಯ ಸ್ವರದಲ್ಲಿ ಹೇಳಿಸಲು ಯಾವ ಕಳ್ಳನಿಗೂ ಹೊಳೆಯದ ಶಬ್ದ ಬೇಕಿತ್ತು. ಬಾಯಮ್ಮನೇ ಆರಿಸಿದರು: "ತಪ್ಪಾಯ್ತು." ಧಣಿ ಮುಖ ಗಂಟಿಕ್ಕಿದರು, ಆದರೂ ಒಪ್ಪಿದರು.

ಒಂದು ದಿನ ಫೋನು ಬಂತು, ಬಾಯಮ್ಮ ಸ್ಪೀಕರಿಗೆ ಹಾಕಿದರು. ಸಾಕ್ಷಾತ್ ಧಣಿ ಸ್ವರ: "ಬೇಗ ಕೋಡ್ ಕಳುಹಿಸಿ."

"ಶಬ್ದ ಹೇಳಿ" ಎಂದರು ಬಾಯಮ್ಮ.

"ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ."

"ಕ್ಷಮಿಸಿಯಾ? ನಮ್ಮ ಧಣಿಯ ಬಾಯಲ್ಲಿ? ಯಲ್ಲಾ, ಬೇಗ ಇಡು ಫೋನು!"

ಸ್ವಲ್ಪ ಹೊತ್ತಿಗೆ ಪುನಃ ಫೋನು. ಈ ಸಲ ನಿಜವಾದ ಧಣಿ, ಜೆಬೆಲ್ ಅಲಿ ಗೇಟಿನಿಂದ. ಪಕ್ಕದಲ್ಲಿ ಡ್ರೈವರುಗಳ ಹಿಂಡು.

"ಕೋಡ್ ಕೊಡು, ಲಾರಿ ಕಾಯ್ತಾ ಉಂಟು!"

"ಶಬ್ದ, ಧಣಿ."

"ನಿನ್ನ ಕೆಲಸ ಹೋಗ್ತದೆ ನೋಡು!"

ಬಾಯಮ್ಮನಿಗೆ ಆ ಕಡೆ ಧಣಿಯೇ ಆಗಿದ್ದರೂ ಕಷ್ಟ, ಕಳ್ಳನಾಗಿದ್ದರೂ ಕಷ್ಟ. ಆದರೂ ಬಿಡಲಿಲ್ಲ: "ಸ್ವರ ಸರಿ ಉಂಟು, ಬೈಗಳೂ ಸರಿ ಉಂಟು. ಶಬ್ದ?"

"ತಪ್..." ಎಂದಿತು ಫೋನು.

"ಅರ್ಧ ಶಬ್ದಕ್ಕೆ ಕೋಡ್ ಇಲ್ಲ."

"ತಪ್ಪಾಯ್ತು ಮಾರಾಯ್ತಿ, ತಪ್ಪಾಯ್ತು!" ಎಂದು ಧಣಿ ಕಿರುಚಿದ್ದು ಇಡೀ ಆಫೀಸಿಗೆ ಕೇಳಿತು.

ಸಂಜೆ ಧಣಿ ಬಂದಾಗ ನಮಗೆಲ್ಲ ಪುಕುಪುಕು. ಕಳ್ಳನ ಫೋನಿನ ಕತೆ ಹೇಳಿದೆ. ಅವರು ಕುರ್ಚಿ ಎಳೆದು ಕೂತು, "ಬಾಯಮ್ಮ ಎಲ್ಲಿಗೂ ಹೋಗುವುದು ಬೇಡ. ಆದರೆ ಆ ಶಬ್ದ ಬದಲಾಯಿಸಿ" ಎಂದರು.

ಬಾಯಮ್ಮ ಕಣ್ಣೊರೆಸಿಕೊಂಡು ಹೇಳಿದರು, "ಆಯ್ತು ಧಣಿ, 'ಥ್ಯಾಂಕ್ಸ್' ಇಡುವಾ. ಅದನ್ನೂ ನೀವು ಇಷ್ಟರವರೆಗೆ ಯಾರಿಗೂ ಹೇಳಿಲ್ಲ."