ಮರಾಠಿ ಹಲ್ಲಿ, ಕನ್ನಡ ಹಲ್ಲಿ

ಗಡಿಯಾಚೆ ಜತ್ತದ ಕಡೆಯ ನಮಗೆ ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಎರಡೂ ಒಂದೇ ಬಾಯಲ್ಲಿ ಇದ್ದ ಮೇಲೆ ಯಾವುದಾದರೊಂದು ಶಬ್ದ ದಿನಾ ಎಡವಿ ಬೀಳುವುದು ಇದ್ದದ್ದೇ.

ಹಲ್ಲಿ

ನಾನು ದವಾಖಾನೆಯಲ್ಲಿ ಕಂಪೌಂಡರ್. ನಮ್ಮ ಡಾಕ್ಟರು ಪುಣೆ ಕಡೆಯವರು, ಕನ್ನಡ ಬಾರದು. ಸೋನ್ಯಾಳದ ಒಬ್ಬ ಮುದುಕಿ ಮೊಣಕಾಲು ನೋವೆಂದು ಬಂದಳು.

"ಆಜೀ, ಹಲ್ಲೀ ಕಾಯ್ ತ್ರಾಸ?" ಎಂದರು ಡಾಕ್ಟರು. ಈಚೆಗೆ ಏನು ತೊಂದರೆ ಎಂದು ಕೇಳಿದ್ದು; ಮರಾಠಿಯಲ್ಲಿ ಹಲ್ಲೀ ಎಂದರೆ ಈಚೆಗೆ. ಅರಬ್ಬಿಯಿಂದ ಬಂದ ಶಬ್ದವಂತೆ.

ಮುದುಕಿ ಗೋಡೆಯತ್ತ ನೋಡಿದಳು. "ಹಲ್ಲೀದೇನ ತ್ರಾಸ ಇಲ್ರಿ ಸಾಹೇಬ್ರ, ತನ್ನ ಪಾಡಿಗೆ ತಾ ಇರತೈತಿ. ಯಾಕ್ರಿ, ನಿಮ್ಮ ಮನ್ಯಾಗ ಭಾಳ ಆಗ್ಯಾವೇನು?"

ಊಟ

ಮಗಳನ್ನು ಮರಾಠಿ ಸಾಲಿಗೆ ಹಾಕಿದೆವು. ಅಲ್ಲಿ ಶಿಕ್ಷಕಿಗೆ 'ಬಾಯಿ' ಅನ್ನಬೇಕು ಎಂದಷ್ಟೇ ಕಲಿಸಿ ಕಳಿಸಿದ್ದೆ. ಹಾಜರಿಯಲ್ಲಿ ಹೆಸರು ಕರೆದರೂ ಇವಳು ಕೂತೇ ಇದ್ದಳಂತೆ.

"ಊಠ!" ಅಂದರು ಶಿಕ್ಷಕಿ. ಏಳು ಎಂದು ಅರ್ಥ. ಇವಳು ಡಬ್ಬಿ ಬಿಚ್ಚಿ ರೊಟ್ಟಿ ಮುರಿದಳು.

"ಅಗ, ಊಠ!" ಶಿಕ್ಷಕಿ ದನಿ ಏರಿಸಿದರು. ಇವಳು ಗಾಬರಿಯಾಗಿ ದೊಡ್ಡ ದೊಡ್ಡ ತುತ್ತು ತುರುಕಿಕೊಂಡಳು.

ಮತ್ತೊಮ್ಮೆ "ಊಠ!" ಎಂದಾಗ ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳಂತೆ: "ಬಾಯಿ, ಬಾಯಿ ತುಂಬೈತ್ರಿ! ಇಷ್ಟ ಲಗೂನ ಹೆಂಗ ನುಂಗ್ಲಿ?"

ಮಾವಾ

ಪಂಚಮಿಗೆ ನನ್ನ ಹೆಂಡತಿಯನ್ನು ತವರಿಗೆ ಕಳಿಸಲಿಲ್ಲವೆಂದು ಮುನಿಸಿಕೊಂಡಿದ್ದ ನನ್ನ ಮಾವ ಬಹಳ ಕಾಲ ನಮ್ಮ ಮನೆ ಕಡೆ ಸುಳಿಯಲಿಲ್ಲ. ಇಂಡಿ ಕಡೆಯವರು, ಮರಾಠಿ ತಿಳಿಯದು. ಕಡೆಗೊಮ್ಮೆ ಸಿಟ್ಟು ಇಳಿದು ತಾವೇ ನಮ್ಮೂರು ಕುಣಿಕೋಣೂರಿಗೆ ಬಂದರು. ಹೆಂಡತಿಗೆ ಹಿಗ್ಗೋ ಹಿಗ್ಗು. ನಾನೇ ಚಹಾ ಮಾಡಿ ಅವರ ಕೈಗೆ ಕೊಟ್ಟೆ.

ಅಷ್ಟರಲ್ಲಿ ಕೃಷಿ ಸಾಹೇಬರ ಫೋನು, ನಮ್ಮ ದಾಳಿಂಬೆ ತೋಟದ ವಿಚಾರ. ನಾನು ಗಟ್ಟಿಯಾಗಿ, "ಹೋಯ್ ಸಾಹೇಬ, ಮಾವಾ ಆಲಾಯ. ಔಷಧ ಮಾರೂನ ಆಜಚ ಖಲಾಸ ಕರತೋ!" ಎಂದೆ.

ಇಷ್ಟುದ್ದ ಮರಾಠಿಯಲ್ಲಿ ನಮ್ಮ ಮಾವನಿಗೆ ತಿಳಿದದ್ದು ಮೂರೇ ಶಬ್ದ: ಮಾವಾ, ಔಷಧ, ಖಲಾಸ. ಫೋನಿಟ್ಟು ತಿರುಗಿದರೆ ಚಹಾದ ಕಪ್ಪು ನನ್ನ ಮುಂದಿತ್ತು.

"ಅಳಿಯಾರ, ಮೊದಲ ನೀವು ಒಂದ ಗುಟುಕ ಕುಡೀರಿ."

ಹೆಂಡತಿ ನಗುತ್ತ ಕೆಳಗೇ ಕುಸಿದಳು. ನಾನು ಮಾವನ ಕೈ ಹಿಡಿದು ತೋಟಕ್ಕೆ ಕರೆದೊಯ್ದು, ಎಲೆ ಮಗುಚಿ ಸಣ್ಣ ಹುಳುಗಳನ್ನು ತೋರಿಸಿದೆ. "ಮರಾಠ್ಯಾಗ ಈ ಹುಳಕ್ಕ ಮಾವಾ ಅಂತಾರ್ರಿ. ಮಾವಾ ಬಂದೈತಿ, ಔಷಧ ಹೊಡದು ಇವತ್ತ ಖಲಾಸ ಮಾಡತೇನಿ ಅಂದೆ ಅಷ್ಟ."

"ಏನ ಮಾಡತೈತಿ ಇದು?"

"ಬಂದು ಕುಂತರ ರಸಾ ಹೀರಿಕೋತ ಕುಂದರತೈತ್ರಿ. ಎದ್ದು ಹೋಗೂ ಮಾತ ಇಲ್ಲ."

ಮಾವ ತಾವೂ ಎಲೆ ಹಿಡಿದು ನೋಡಿ ಮೆಲ್ಲಗೆ ಬಿಟ್ಟರು.

"ಹಂಗಾರ ಹೆಸರು ಬರೋಬರಿ ಇಟ್ಟಾರ. ಮಗಳಿಗೆ ಹೇಳ್ರಿ, ನಾನೂ ಲಗೂನ ಹೋಗಂಗಿಲ್ಲ!"