ಮಾವ ಬಚ್ಚಿಟ್ಟದ್ದು, ನಾಯಿ ತಿಂದದ್ದು

ನನ್ನ ಸೋದರಮಾವ ಸುಳ್ಳು ಹೇಳುವುದಿಲ್ಲ. ನಿಜವನ್ನೇ ಸ್ವಲ್ಪ ಕಡಿಮೆ ತೂಗಿ ಕೊಡುತ್ತಾರೆ, ಅಷ್ಟೇ! ಪೋತ್ನಾಳದಲ್ಲಿ ಮೂವತ್ತು ವರ್ಷ ನೆಲ್ಲಿನ, ಅಂದರೆ ಭತ್ತದ, ವ್ಯಾಪಾರ ಮಾಡಿದವರು; ಚೀಲಕ್ಕಿಷ್ಟು, ತೇವಾಂಶಕ್ಕಿಷ್ಟು ಎಂದು ಕಳೆಯದೆ ಯಾವ ಮಾತೂ ಅವರ ಬಾಯಿಂದ ಹೊರಬೀಳುವುದಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ. ಮನೆಯಲ್ಲಿ ಅತ್ತೆ ಸಿಹಿಯನ್ನೇ ನಿಷೇಧಿಸಿದ್ದಾರೆ. ಅದಕ್ಕೇನು, ಊರಿನ ಮದುವೆಗಳಿಗೂ ನಿಷೇಧವಿದೆಯೇ? ದೇವದುರ್ಗದ ಮದುವೆಯೊಂದರಲ್ಲಿ ನನ್ನ ಪಕ್ಕದಲ್ಲೇ ಕೂತು ಐದು ಜಾಮೂನು ಮುಗಿಸಿದವರು ಅತ್ತೆಯ ಮುಂದೆ, "ಒಂದ ತಿಂದೀನಿ, ಅದೂ ಪಾಕ ಹಿಂಡಿ" ಎಂದರು. ಸಾಕ್ಷಿಗೆ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ.

ಇನ್ನು ರಾಜಾ ಎಂಬ ನಾಯಿ. ಅದು ಬೀದಿಯದು, ನಮ್ಮದಲ್ಲ ಎಂಬುದು ಮಾವನ ಅಧಿಕೃತ ಹೇಳಿಕೆ. ಹಾಗಾದರೆ ಅವರ ತಟ್ಟೆಯ ಕೊನೆಯ ರೊಟ್ಟಿ ದಿನಾ ಅದಕ್ಕೇ ಹೋಗುವುದೇಕೆ ಎಂದು ಮಾತ್ರ ಕೇಳಬಾರದು.

ಕಳೆದ ಭಾನುವಾರ ನಾನು ರಾಯಚೂರಿನಿಂದ ಹೋದಾಗ ರಾಜಾ ಮಾವನ ಅಂಗಡಿಯಲ್ಲಿ ನಿಂತಲ್ಲಿ ನಿಲ್ಲದೆ ಏದುಸಿರು ಬಿಡುತ್ತಿತ್ತು. ಬಾಯಿ ಸುತ್ತ ಕಂದು ಬಣ್ಣ. ಪಕ್ಕದ ಮನೆಯ ಮಗುವಿನ ಹುಟ್ಟುಹಬ್ಬದ ಎರಡು ಸಣ್ಣ ಹಾಲಿನ ಚಾಕಲೇಟು ಮೇಜಿನ ಮೇಲಿದ್ದವು, ಈಗಿಲ್ಲ ಎಂದರು ಅತ್ತೆ. ನಾಯಿಗೆ ಚಾಕಲೇಟು ವಿಷ ಎಂದು ಎಲ್ಲೋ ಓದಿದ್ದ ನಾನು ಮಾನ್ವಿಯ ಪಶುವೈದ್ಯರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ವಿಷಯ ಹೇಳಿದೆ.

"ಉಪ್ಪುನೀರು ಕುಡಿಸಿದ್ರ ಆತು ಬಿಡು," ಎಂದರು ಮಾವ, ತಾವೇ ಡಾಕ್ಟರಾಗಿ.

"ಉಪ್ಪು ಬ್ಯಾಡ್ರೀ, ಅದರಿಂದ ಇನ್ನಷ್ಟು ಕೆಡ್ತದ. ತೂಕ ಎಷ್ಟದ ಹೇಳ್ರಿ," ಎಂದರು ವೈದ್ಯರು.

ತೂಕ! ಮಾವನಿಗೆ ಹುರುಪು ಬಂತು. ನಾಯಿಯನ್ನೆತ್ತಿ ನೆಲ್ಲು ತೂಗುವ ಕಾಂಟಾದ ಮೇಲಿಟ್ಟರು. "ಹದಿನೆಂಟು. ಎರಡು ಕಳದ್ರ ಹದಿನಾರು ಹಿಡೀರಿ."

"ಕಳಿಯೋದು ಯಾಕ ಮಾವ?"

"ಕಾಲುವ್ಯಾಗ ಬಿದ್ದು ಬಂದದ. ತೇವಾಂಶ."

ವೈದ್ಯರು ನಕ್ಕರು. ಅಷ್ಟು ತೂಕದ ನಾಯಿಗೆ ಎರಡು ಚೂರು ಹಾಲಿನ ಚಾಕಲೇಟಿನಿಂದ ಹೆಚ್ಚೇನೂ ಆಗದು ಎಂದರು. "ಕಪ್ಪು ಚಾಕಲೇಟ್ ಆಗಿದ್ರ ಮಾತು ಬ್ಯಾರೆ. ಎದಿ ಬಡಿತ ಏರಿ ಫಿಟ್ಸ್ ಬರ್ತದ. ಜೀವಾನೂ ಹೋಗಬಹುದು."

ಅತ್ತೆ ಉಸ್ಸೆಂದು ಕೂತರು. ಮಾವ ಕೂರಲಿಲ್ಲ. ನೆಲ್ಲಿನ ಸ್ಯಾಂಪಲ್ ಇಡುವ ಕೆಳಗಿನ ಖಾನೆಯತ್ತ ಹೋಗಿ ಬಗ್ಗಿ ನೋಡಿದರು. ಬರಿಗೈಯಲ್ಲಿ ತಿರುಗಿದರು.

"ಫೋನ್ ಇಡಬ್ಯಾಡ," ಎಂದರು. ಅತ್ತೆಯತ್ತ ನೋಡದೆ, ಫೋನಿನ ಹತ್ತಿರ ಬಾಯಿ ತಂದು ಒಪ್ಪಿಕೊಂಡರು: "ಅದು ತಿಂದದ್ದು ಕಪ್ಪಂದು, ಸಾಹೇಬ್ರ. ಎರಡು ದೊಡ್ಡ ಪಟ್ಟಿ. ನಾನು ಬಚ್ಚಿಟ್ಟಿದ್ದೆ. ಮೇಜಿನ ಮ್ಯಾಲಿನವು ನಾನೇ ತಿಂದೆ. ತೂಕ ಹದಿನೆಂಟು, ಪೂರಾ ಹದಿನೆಂಟು. ತಿಂದು ಒಂದು ತಾಸಾಗಿರಬೇಕು. ಉಳಿಸಿಕೊಡ್ರಿ."

"ಈಗಿಂದೀಗ ಬರ್ರಿ. ವಾಂತಿ ಮಾಡಸ್ಬೇಕು."

ಮಾನ್ವಿಯವರೆಗೂ ಮಾವ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡೇ ಕೂತಿದ್ದರು. ಪಕ್ಕದಲ್ಲಿ ಅತ್ತೆ ಅದರ ಬಾಯಿ ಒರೆಸುತ್ತಿದ್ದರು. ವೈದ್ಯರು ಸೂಜಿ ಚುಚ್ಚಿದ ಸ್ವಲ್ಪ ಹೊತ್ತಿಗೆ ರಾಜಾ ಬೆಳ್ಳಿ ಕಾಗದದ ಸಮೇತ ಎಲ್ಲವನ್ನೂ ಕಕ್ಕಿತು. "ಬದುಕ್ತದ. ಖರೇ ಹೇಳಿದ್ದಕ್ಕ ಬದುಕಿತು," ಎಂದು ವೈದ್ಯರು ಒಳಗೆ ಹೋದರು.

ಇನ್ನು ಅತ್ತೆಯ ಸರದಿ! ನಾನು ಮೆಲ್ಲಗೆ ಬಾಗಿಲ ಕಡೆ ಸರಿದೆ. ಅತ್ತೆ ಬೈಯಲಿಲ್ಲ.

"ನಾಯಿ ಸಲುವಾಗಿ ಖರೇ ಹೇಳಿದ್ರಿ," ಎಂದರು. "ನನ್ನ ಸಲುವಾಗಿ ಯಾವಾಗ ಹೇಳ್ತೀರಿ? ನಿಮಗೇನರ ಆದ್ರ ನಾ ಡಾಕ್ಟರ್‌ಗೆ ಏನಂತ ಹೇಳ್ಲಿ? ನನಗೇನು ಗೊತ್ತದ?"

ಮಾವ ನಾಯಿಯ ತಲೆ ಸವರಿದರು. ಆಮೇಲೆ ಅಂಗಿಯ ಒಳಜೇಬಿನಿಂದ ಕರಗಿ ಮೆತ್ತಗಾಗಿದ್ದ ಒಂದು ಚಾಕಲೇಟು ತೆಗೆದು ಅತ್ತೆಯ ಅಂಗೈಯಲ್ಲಿಟ್ಟರು.

"ಇನ್ನ ಎಲ್ಲೂ ಇಲ್ಲ," ಎಂದರು.

ಅತ್ತೆ ನಂಬಿದರು. ಮೊದಲ ಸಲ, ನಾನೂ.