ಚಪ್ಪಲಿ ಸ್ಟ್ಯಾಂಡಿನ ಜೇನು

ತಪ್ಪೆಲ್ಲ ಷಡಕ್ಷರಿ ನುಂಗಿಕೊಂಡ ಒಂದು ‘ನೊಣ’ದ್ದು. ಅವನು ಅವತ್ತು ಜೇನ್ನೊಣ ಎಂದು ಪೂರ್ತಿ ಬಾಯಿಬಿಟ್ಟಿದ್ದರೆ ಸದಾಶಿವನಗರದ ಆ ರಸ್ತೆ ತನ್ನ ಪಾಡಿಗೆ ತಾನು ಇರುತ್ತಿತ್ತು.

ಗುಬ್ಬಿ ಕಡೆಯ ಷಡಕ್ಷರಿ ನರಸಿಂಹಮ್ಮನವರ ಕೆಳಮನೆಯಲ್ಲಿ ಬಾಡಿಗೆಗಿದ್ದ. ಮರಗೆಲಸದವನು. ಮನೆ ಮುಂದಿನ ಪೋರ್ಟಿಕೋನೇ ಅವನ ಅಂಗಡಿ. ಅದು ಹೋದರೆ ಅನ್ನವೂ ಹೋದಂತೆ. ಹಳೇ ಮನೆಗಳನ್ನೆಲ್ಲ ಕೆಡವಿ ಗ್ರಾನೈಟು ಮೆತ್ತಿದ ಮೇಲೆ, ತೊಲೆಗಳ ತೂತಿನಲ್ಲಿ ಮೊಟ್ಟೆಯಿಡುತ್ತಿದ್ದ ಸಣ್ಣ ಜೇನ್ನೊಣಗಳಿಗೆ ಊರೊಳಗೆ ಜಾಗವೇ ಇಲ್ಲ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದ. ಬಾಡಿಗೆ ಮನೆ ಹುಡುಕಿ ಚಪ್ಪಲಿ ಸವೆಸಿದವನಿಗೆ ಆ ಸಂಕಟ ಬೇಗ ಅರ್ಥವಾಯಿತು. ಇವು ಹಿಂಡು ಕಟ್ಟುವುದಿಲ್ಲ, ಜೇನುತುಪ್ಪ ಕೂಡಿಡುವುದಿಲ್ಲ, ಕಚ್ಚುವುದಕ್ಕೂ ಸೋಮಾರಿತನ. ಅವುಗಳಿಗೆಂದೇ ಒಂದು ಚಪ್ಪಲಿ ಸ್ಟ್ಯಾಂಡ್ ಮಾಡಿದ. ನಡುವೆ ಚಪ್ಪಲಿ, ಎರಡೂ ಪಕ್ಕದ ದಪ್ಪ ಹಲಗೆಗಳ ತುಂಬ ಸಣ್ಣ ಸಣ್ಣ ತೂತು. ದೂರಕ್ಕೆ ಅದು ಸಿಡುಬು ಎದ್ದ ಬೀರುವಿನಂತೆ ಕಾಣುತ್ತಿತ್ತು.

ಅವತ್ತು ಬೆಳಿಗ್ಗೆ ಅದರ ಕೊನೆಯ ತೂತು ಕೊರೆಯುವಾಗ ಪುಡಿಯೆಲ್ಲ ಹಾರಿ ನರಸಿಂಹಮ್ಮನವರ ರಂಗೋಲಿ ಮೇಲೆ ಕೂತಿತು. ಅವರು ಮೆಟ್ಟಿಲಿಳಿದು ಬಂದರು.

“ಸಂಜೆಯೊಳಗೆ ಈ ತೂತು ಡಬ್ಬ ಎತ್ತಿಸ್ತೀಯೋ, ಗಂಟುಮೂಟೆ ಕಟ್ತೀಯೋ? ಎರಡರಲ್ಲಿ ಒಂದು ಹೇಳಪ್ಪ.”

ನರಸಿಂಹಮ್ಮ ಊಟಕ್ಕೆ ಕೂತಾಗಲೂ ಎಡಗೈಯಲ್ಲಿ ಸೊಳ್ಳೆ ಬ್ಯಾಟ್ ಹಿಡಿದಿರುವ ಹೆಂಗಸು. ಅವರೆದುರು ನೊಣ ಎನ್ನಲು ಷಡಕ್ಷರಿಗೆ ಧೈರ್ಯ ಬರಲಿಲ್ಲ.

“ಇದಕ್ಕೆ ಜೇನು ಬರ್ತದೆ ಅಮ್ಮಾವ್ರೇ,” ಎಂದ.

ಅವರ ಮುಖ ಬಿಸಿ ಮುದ್ದೆ ಮೇಲಿನ ಬೆಣ್ಣೆಯಂತೆ ಕರಗಿತು. “ಜೇನಾ? ಪಂಚಾಮೃತಕ್ಕೆ ಅಂಗಡಿ ಜೇನು ಹಾಕಿ ಹಾಕಿ ದೇವರ ಬಾಯೂ ಕೆಟ್ಟೋಗೈತೆ ಕಣಪ್ಪ. ಎಷ್ಟೊತ್ತಿಗೆ ಬರ್ತದೆ?”

“ಬಿಸ್ಲು ಏರಿದ್ ಮೇಲೆ,” ಎಂದ ಷಡಕ್ಷರಿ. ಅದು ನಿಜವೇ.

ಬಿಸಿಲು ಏರುವಷ್ಟರಲ್ಲಿ ರಸ್ತೆಯ ಅರ್ಧ ಜನ ಬಾಟಲಿ, ಲೋಟ, ಟಿಫಿನ್ ಡಬ್ಬಿ ಹಿಡಿದು ಗೇಟಿನ ಮುಂದಿದ್ದರು. ಎದುರುಮನೆಯ ನಾಗೇಶಪ್ಪ, ರಿಟೈರಾದ ಲೈನ್‌ಮನ್, ಹೆಂಡತಿಯ ಕೆಮ್ಮಿಗೆಂದು ಎರಡು ಲೀಟರಿನ ಕ್ಯಾನೇ ತಂದಿದ್ದರು. ಗುಬ್ಬಿಯವನು ಗುಬ್ಬಿ ಗೂಡು ಬಿಟ್ಟು ಜೇನಿಗೆ ಕೈಹಾಕಿದ್ದು ಯಾಕೆ ಎಂದು ಒಂದಿಷ್ಟು ನಗೆಯೂ ಆಯಿತು. ಆಗ ಷಡಕ್ಷರಿಗೆ ತನ್ನ ಮಾತು ಎಲ್ಲಿಗೆ ಹೋಗಿ ಕೂತಿದೆ ಎಂದು ಹೊಳೆಯಿತು. ಇದು ಆ ಜೇನಲ್ಲ ಎಂದು ಬಿಡಿಸಿ ಹೇಳೋಣವೆಂದರೆ, ಪೋರ್ಟಿಕೋ ಉಳಿದಿರುವುದೇ ಆ ಜೇನಿನ ಮೇಲೆ. ಸಂಜೆಗೆ ಬನ್ನಿ ಎಂದು ಎಲ್ಲರನ್ನೂ ಸಾಗಹಾಕಿದ.

ಮಧ್ಯಾಹ್ನ ರಸ್ತೆ ನಿದ್ದೆ ಮಾಡುವಾಗ ಊರಾಚೆ ಕೋರದ ಕಡೆ ಗಾಡಿ ಬಿಟ್ಟ. ಹೈವೇ ಪಕ್ಕ ಬಕೆಟ್ ಇಟ್ಟುಕೊಂಡವನೊಬ್ಬನ ಹತ್ತಿರ ಒಂದು ಬಾಟಲಿ ಜೇನು ತಂದು, ಸಿರಿಂಜಿನಲ್ಲಿ ಕೆಳಗಿನ ತೂತುಗಳಿಗೆ ತುಂಬಿಸಿದ. ಅದರಲ್ಲಿ ಮುಕ್ಕಾಲು ಪಾಲು ಬೆಲ್ಲದ ಪಾಕವಿತ್ತು. ಸುಳ್ಳಿಗೆ ಅಸಲಿ ಜೇನೇ ಬೇಕೆಂದೇನೂ ಇಲ್ಲವಲ್ಲ.

ಸಂಜೆ ಎಲ್ಲರೆದುರಿಗೆ ಮೊದಲ ತೊಟ್ಟು ಇಳಿಯಿತು. ನಾಗೇಶಪ್ಪ ಬೆರಳಲ್ಲಿ ಹಿಡಿದು ನೆಕ್ಕಿ, ಕಣ್ಣು ಮುಚ್ಚಿದರು.

“ದೇವರಾಯನದುರ್ಗದ ಕಾಡಿನ ಹೂವಿಂದು. ನನ್ ನಾಲಿಗೆಗೆ ಮೋಸ ಮಾಡಕ್ಕಾಗಲ್ಲ.”

ನರಸಿಂಹಮ್ಮ ಚಪ್ಪಲಿಗಳನ್ನೆಲ್ಲ ಕೆಳಗೆ ಕೆಡವಿ, ಸ್ಟ್ಯಾಂಡಿಗೆ ಅರಿಶಿನ ಕುಂಕುಮ ಹಚ್ಚಿ, ಊದುಕಡ್ಡಿ ಬೆಳಗಿದರು. ಷಡಕ್ಷರಿ ಗೆದ್ದೆ ಎಂದುಕೊಂಡು ಮೊದಲ ಸಲ ಉಸಿರು ಬಿಟ್ಟ. ಅಷ್ಟರಲ್ಲಿ ಅವರು ಮೆತ್ತಗೆ ಪಕ್ಕಕ್ಕೆ ಕರೆದರು.

“ನಮ್ಮಳಿಯ ಕೃಷ್ಣಕುಮಾರ್‌ಗೆ ಫೋನ್ ಮಾಡಿದ್ದೆ. ಕುಣಿಗಲ್ ಅಂಗಡಿ ಮುಚ್ಬುಟ್ಟು ಇಲ್ಲೇ ಪೋರ್ಟಿಕೋದಲ್ಲಿ ಜೇನಿನ ಯಾಪಾರ ಮಾಡ್ತಾನಂತೆ. ಕೆಳಮನೆ ಅವ್ನಿಗೇ ಬೇಕು. ತಿಂಗ್ಳ ಕೊನೆಗೆ ಖಾಲಿ ಮಾಡ್ಬುಡಪ್ಪ. ಸ್ಟ್ಯಾಂಡ್ ಇಲ್ಲೇ ಇರ್ಲಿ.”

ಷಡಕ್ಷರಿ ಕೈಮುಗಿದ. “ಅಮ್ಮಾವ್ರೇ, ಸತ್ಯವಾಗ್ಲೂ ಅದ್ರಿಂದ ಜೇನು ಬರಲ್ಲ. ಅದು ನಾನೇ ತುಂಬಿಸಿದ್ದು.”

ನರಸಿಂಹಮ್ಮ ನಕ್ಕರು. “ಖಾಲಿ ಮಾಡು ಅಂದ್ರೆ ಹಿಂಗೇ ಅಂತಾನೆ ಅಂತ ನಾಗೇಶಪ್ಪ ಮೊದ್ಲೇ ಹೇಳವ್ರೆ.”

ಆಗಲೇ ಎಲ್ಲಿಂದಲೋ ಒಂದು ಪುಟ್ಟ ಜೇನ್ನೊಣ ಬಂತು. ಗೂಡಿಗೆಂದು ತನಗಿಂತ ದೊಡ್ಡ ಎಲೆಚೂರೊಂದನ್ನು ಹೊತ್ತು, ಮನೆ ನೋಡಲು ಬಂದ ಬಾಡಿಗೆಯವನಂತೆ ಮೇಲಿನ ತೂತುಗಳನ್ನು ಒಂದೊಂದಾಗಿ ಇಣುಕಿ, ಒಂದನ್ನು ಮೆಚ್ಚಿ ಒಳಗೆ ಕಾಲಿಟ್ಟಿತು. ಷಡಕ್ಷರಿಯ ಕಣ್ಣು ತುಂಬಿ ಬಂತು.

“ಥೂ, ಹಾಳಾದ್ ನೊಣ. ಜೇನಿಗೆ ಬಿದ್ದಾತು,” ಎಂದರು ನರಸಿಂಹಮ್ಮ. ಕೆಳಗೆ ಬಿದ್ದಿದ್ದ ಷಡಕ್ಷರಿಯ ಚಪ್ಪಲಿಯಿಂದಲೇ ಅದನ್ನು ಓಡಿಸಿ, ಒಳಗಿನಿಂದ ಹತ್ತಿ ತಂದು, ಒಂದೂ ಬಿಡದಂತೆ ಎಲ್ಲ ತೂತುಗಳನ್ನೂ ಭದ್ರವಾಗಿ ಮುಚ್ಚತೊಡಗಿದರು.